ಮೂರನೇ ಗೇರ್ ಹಾಕಿದರೆ ಐದು ಬೀಳುತ್ತದೆ: ಹೊಸ ಶಿಫ್ಟರ್ ಕೊಳ್ಳುವ ಮುಂಚೆ

ಓದುಗರ ಪ್ರಶ್ನೆ

"ಮನೆಯ ಕಂಪ್ಯೂಟರಿಗೆ ಸ್ಟಿಯರಿಂಗ್, ಮೂರು ಪೆಡಲ್ ಮತ್ತು ಆರು ಗೇರಿನ ಶಿಫ್ಟರ್ ಜೋಡಿಸಿಕೊಂಡು ನಾಲ್ಕು ವರ್ಷಗಳಿಂದ ರೇಸಿಂಗ್ ಸಿಮ್ಯುಲೇಟರ್ ಓಡಿಸುತ್ತಿದ್ದೇನೆ. ಶಿಫ್ಟರಿನ ಕೇಬಲ್ ಸ್ಟಿಯರಿಂಗ್‌ನ ಹಿಂಭಾಗಕ್ಕೆ ಸೇರುತ್ತದೆ. ಈಚೆಗೆ ಎರಡರಿಂದ ಮೂರಕ್ಕೆ ಹಾಕಿದರೆ ಕೆಲವೊಮ್ಮೆ ಐದನೇ ಗೇರ್ ಬೀಳುತ್ತದೆ. ನಾಲ್ಕರಲ್ಲಿ ಓಡುತ್ತಿರುವಾಗ ತಾನಾಗಿ ನ್ಯೂಟ್ರಲ್‌ಗೆ ಹೋಗುವುದೂ ಉಂಟು. ಇದಲ್ಲದೆ, ಕ್ಲಚ್ ಪೂರ್ತಿ ತುಳಿದು ಹಾಕಿದರೂ ಒಮ್ಮೊಮ್ಮೆ ಕರಕರ ಸದ್ದು ಬಂದು ಗೇರ್ ಕೂರುವುದೇ ಇಲ್ಲ. ಒಬ್ಬ ಗೆಳೆಯ ಪ್ಲಾಸ್ಟಿಕ್ ಬಿಸಾಡಿ ಅಯಸ್ಕಾಂತದ ಸೆನ್ಸರ್ ಇರುವ ಲೋಹದ ಶಿಫ್ಟರ್ ತೆಗೆದುಕೋ, ಜೀವಮಾನವಿಡೀ ಬರುತ್ತದೆ ಎನ್ನುತ್ತಾನೆ. ಇನ್ನೊಬ್ಬ ಸೀಕ್ವೆನ್ಶಿಯಲ್ ಒಂದೇ ಸಾಕು ಎನ್ನುತ್ತಾನೆ. ನಾನು ಹೆಚ್ಚಾಗಿ ಹಳೆಯ ರಸ್ತೆ ಕಾರುಗಳನ್ನೂ ರ‍್ಯಾಲಿ ಕಾರುಗಳನ್ನೂ ಓಡಿಸುತ್ತೇನೆ, ವಾರಕ್ಕೊಮ್ಮೆ ಟ್ರಕ್ಕು. ಶಿಫ್ಟರನ್ನು ಓದುವ ಮೇಜಿಗೆ ಕ್ಲಾಂಪ್ ಹಾಕಿ ಬಿಗಿದಿದ್ದೇನೆ. ಆಡುವುದು ಮನೆಯವರು ಮಲಗಿದ ಮೇಲೆ, ಹಾಗಾಗಿ ಸದ್ದಿನ ಚಿಂತೆ ಇದೆ. ಮುಂದೆ ಪ್ಲೇಸ್ಟೇಷನ್ ಕೊಳ್ಳುವ ಯೋಚನೆಯೂ ಇದೆ. ಯಾವುದನ್ನು ಆರಿಸಿಕೊಳ್ಳಲಿ?"

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೂರರ ಬದಲು ಐದು ಬೀಳುವುದು, ನಾಲ್ಕರಿಂದ ಜಾರುವುದು ಶಿಫ್ಟರಿಗೆ ಸಂಬಂಧಿಸಿದ್ದು. ಕ್ಲಚ್ ತುಳಿದರೂ ಕರಕರ ಎಂದು ಗೇರ್ ಕೂರದಿರುವುದು ಬಹುತೇಕ ಕ್ಲಚ್ ಪೆಡಲಿಗೆ ಸಂಬಂಧಿಸಿದ್ದು. ಇದನ್ನು ಮೊದಲೇ ಹೇಳಲು ಕಾರಣವಿದೆ. ಆಟದ ಸ್ಟಿಯರಿಂಗ್, ಪೆಡಲ್, ಶಿಫ್ಟರ್‌ಗಳನ್ನು ಬಿಚ್ಚಿ ದುರಸ್ತಿ ಮಾಡುವುದೇ ನನ್ನ ಕಸುಬು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪೆಡಲಿನ ದೋಷಕ್ಕೆ ಶಿಫ್ಟರ್ ಬದಲಿಸಿಕೊಂಡು, ಹೊಸದರಲ್ಲೂ ಅದೇ ಕರಕರ ಕೇಳಿ ಕಂಗಾಲಾಗಿ ಬಂದವರನ್ನು ಬಹಳ ನೋಡಿದ್ದೇನೆ. ಕೈಯಲ್ಲಿ ಹೊಸ ಪೆಟ್ಟಿಗೆ, ಮುಖದಲ್ಲಿ ಅದೇ ಹಳೆಯ ಬೇಸರ. ನಿಮಗೆ ಹಾಗಾಗಬಾರದು.

ಆದ್ದರಿಂದ ಇವತ್ತು ರಾತ್ರಿ ಹದಿನೈದು ನಿಮಿಷ ಬಿಡುವು ಮಾಡಿಕೊಂಡು ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಬಹಳ ಸುಲಭ. ಆಟದ ಸೆಟ್ಟಿಂಗ್ಸ್‌ನಲ್ಲಿ ಆಟೊ ಕ್ಲಚ್ ಎಂಬ ಆಯ್ಕೆಯಿರುತ್ತದೆ. ಅದನ್ನು ಆನ್ ಮಾಡಿ, ಎಂದಿನಂತೆಯೇ ಓಡಿಸಿ. ಕರಕರ ಸದ್ದು ಪೂರ್ತಿ ನಿಂತರೆ ತಪ್ಪು ಪೆಡಲಿನದು. ಆಟ ಕ್ಲಚ್ಚಿನಿಂದ ಬರುವ ಅಂಕಿಯನ್ನು ನೋಡುತ್ತದೆ. ಪೆಡಲ್ ಒಂದು ಮಟ್ಟಕ್ಕಿಂತ ಕೆಳಗೆ ಹೋಗಿದೆ ಎಂದು ಖಚಿತವಾಗುವವರೆಗೆ ಗೇರ್ ಬೀಳಲು ಬಿಡುವುದಿಲ್ಲ. ಪೆಡಲಿನ ಒಳಗಿನ ಸೆನ್ಸರ್ ಸವೆದಿದ್ದರೆ ನಿಮ್ಮ ಕಾಲು ನೆಲ ಮುಟ್ಟಿದ್ದರೂ ಕಂಪ್ಯೂಟರಿಗೆ ಮುಕ್ಕಾಲು ಭಾಗ ತುಳಿದಂತೆ ಮಾತ್ರ ಕಾಣಬಹುದು. ಆಗ ಶಿಫ್ಟರ್ ಎಷ್ಟೇ ಚಿನ್ನದಂಥದ್ದಾಗಿದ್ದರೂ ಗೇರ್ ಕೂರುವುದಿಲ್ಲ. ಇದಕ್ಕೆ ಮದ್ದು ಪೆಡಲನ್ನು ಮತ್ತೆ ಕ್ಯಾಲಿಬ್ರೇಟ್ ಮಾಡುವುದು; ಮುಕ್ಕಾಲು ತುಳಿತವನ್ನೇ ಪೂರ್ತಿ ತುಳಿತ ಎಂದು ಎಣಿಸುವಂತೆ ಸೆಟ್ಟಿಂಗ್ಸ್ ಬದಲಿಸುವುದು; ಅದೂ ಸಾಲದಿದ್ದರೆ ಸೆನ್ಸರ್ ಸ್ವಚ್ಛ ಮಾಡುವುದು.

ಎರಡನೆಯದಕ್ಕೆ ಆಟವೇ ಬೇಡ. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್‌ಗಳ ಪರೀಕ್ಷಾ ಪುಟ ತೆರೆಯಿರಿ. ಯಾವ ಗೇರ್ ಹಾಕಿದರೂ ಅಲ್ಲಿ ಒಂದು ಗುಂಡಿಯ ಚಿತ್ರ ಬೆಳಗುತ್ತದೆ. ಮೂರಕ್ಕೆ ಹಾಕಿ, ಲಿವರಿನಿಂದ ಕೈ ತೆಗೆಯಿರಿ, ನೋಡಿ. ಆಮೇಲೆ ಒಂದೇ ಬೆರಳಿನಿಂದ ಲಿವರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಿ. ಲಿವರ್ ಮೂರರ ಜಾಗದಲ್ಲೇ ಕೂತಿದ್ದು ಐದರ ದೀಪ ಮಿನುಗಿದರೆ ಅದು ಶಿಫ್ಟರಿನ ಒಳಗಿನ ರೋಗ. ನಾಲ್ಕರಲ್ಲಿ ಇಟ್ಟು, ಲಿವರ್ ಮುಟ್ಟದೆ, ಕೇಬಲ್ಲನ್ನು ಅದು ಸ್ಟಿಯರಿಂಗಿಗೆ ಸೇರುವ ಜಾಗದಲ್ಲಿ ಮೆಲ್ಲಗೆ ಆಡಿಸಿ. ದೀಪ ಆರಿ ಹೊತ್ತಿದರೆ ಪಿನ್ನು ಸಡಿಲವಾಗಿದೆ ಅಥವಾ ತಂತಿ ಒಳಗೆ ಹರಿದಿದೆ. ದೀಪ ಎರಡು ಕಡೆಯೂ ಅಲುಗದೆ ಬೆಳಗಿತು, ಓಡಿಸುವಾಗ ಮಾತ್ರ ಗೇರ್ ತಪ್ಪುತ್ತಿದೆ ಎಂದಾದರೆ ಅನುಮಾನ ಮೇಜಿನ ಮೇಲೋ ಕೈಯ ಮೇಲೋ ಹೋಗಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮೂರು ಹೇಗೆ ಐದಾಗುತ್ತದೆ

ನೀವು ವಿವರಿಸಿದ ಬಗೆಯ ಶಿಫ್ಟರಿನ ಒಳಗೆ ಗೇರ್ ಎಂಬುದೇ ಇಲ್ಲ. ಲಿವರಿನ ಬುಡಕ್ಕೆ ಎರಡು ಪೊಟೆನ್ಶಿಯೋಮೀಟರ್‌ಗಳು ಸಿಕ್ಕಿಸಿಕೊಂಡಿರುತ್ತವೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಂಡಿಯೊಳಗೆ ಇರುತ್ತಿತ್ತಲ್ಲ, ಅದೇ ವಸ್ತು. ಒಂದು ಲಿವರ್ ಎಡಬಲ ಎಷ್ಟು ವಾಲಿದೆ ಎಂದು ಹೇಳುತ್ತದೆ, ಇನ್ನೊಂದು ಹಿಂದುಮುಂದು ಎಷ್ಟು ವಾಲಿದೆ ಎಂದು. ಎರಡು ಅಂಕಿಗಳನ್ನು ಕೂಡಿಸಿ ನೋಡಿ ಎಲೆಕ್ಟ್ರಾನಿಕ್ಸ್ ಗೇರನ್ನು ಊಹಿಸುತ್ತದೆ. ಹೌದು, ಊಹೆಯೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಡಬಲದ ಅಂಕಿ 0ರಿಂದ 1023ರವರೆಗೆ ಇರಬಹುದು ಎಂದಿಟ್ಟುಕೊಳ್ಳಿ. ಎಡಗಡೆಯ ಸಾಲಿನಲ್ಲಿ, ಅಂದರೆ ಒಂದು ಮತ್ತು ಎರಡನೇ ಗೇರಿನಲ್ಲಿ ಅದು ಸುಮಾರು 250. ನಡುವಿನ ಸಾಲಿನಲ್ಲಿ, ಮೂರು ನಾಲ್ಕರಲ್ಲಿ, 500. ಬಲಗಡೆ, ಐದು ಆರರಲ್ಲಿ, 750. 625 ದಾಟಿದರೆ ಬಲಗಡೆಯ ಸಾಲು ಎಂದು ಯಂತ್ರ ತೀರ್ಮಾನಿಸುತ್ತದೆ. ಹೊಸದರಲ್ಲಿ ಎಲ್ಲವೂ ಸರಿ. ಆದರೆ ಪೊಟೆನ್ಶಿಯೋಮೀಟರಿನೊಳಗೆ ಕಪ್ಪು ಇಂಗಾಲದ ಒಂದು ಪಟ್ಟಿಯಿರುತ್ತದೆ, ಅದರ ಮೇಲೆ ಕೂದಲಿನಷ್ಟು ತೆಳುವಾದ ಲೋಹದ ಕಾಲುಗಳು ಉಜ್ಜುತ್ತಾ ಓಡಾಡುತ್ತವೆ. ಸಾವಿರಾರು ಸಲ ಉಜ್ಜಿದ ಮೇಲೆ ಆ ಪಟ್ಟಿಯೇ ಸವೆದು ಕಪ್ಪು ಪುಡಿಯಾಗಿ ಅಲ್ಲೇ ಕೂರುತ್ತದೆ, ಹೊರಗಿನ ಧೂಳು ಅದಕ್ಕೆ ಜೊತೆಯಾಗುತ್ತದೆ. ಲೋಹದ ಕಾಲು ಪುಡಿಯ ಮೇಲೆ ಹತ್ತಿದ ಕ್ಷಣ ಅಂಕಿ 500ರಿಂದ 640ಕ್ಕೆ ಹಾರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆದರೆ ಗೇರ್ ಬೀಳಲು ಅಷ್ಟು ಸಾಕು. ನಿಮ್ಮ ಕೈ ಮೂರಕ್ಕೆ ಹಾಕಿತು, ಯಂತ್ರ ಐದು ಎಂದು ಓದಿತು.

ಮೂರರ ಬದಲು ನಾಲ್ಕು ಬೀಳುತ್ತದೆ ಎಂದು ದೂರುವವರು ಅಪರೂಪ, ಐದು ಬೀಳುತ್ತದೆ ಎನ್ನುವವರೇ ಹೆಚ್ಚು. ಮೂರು ನಾಲ್ಕರ ನಡುವೆ ಲಿವರ್ ಸಾಗುವ ದೂರ ದೊಡ್ಡದು. ಮೂರು ಐದರ ನಡುವಿನ ದೂರ ಚಿಕ್ಕದು, ಎಡಬಲದ ಪೊಟೆನ್ಶಿಯೋಮೀಟರ್ ಸ್ವಲ್ಪ ತಪ್ಪಿದರೂ ಗೆರೆ ದಾಟಿಬಿಡುತ್ತದೆ. ನಾಲ್ಕರಿಂದ ನ್ಯೂಟ್ರಲ್‌ಗೆ ಜಾರುವುದು ಇನ್ನೊಂದರ, ಹಿಂದುಮುಂದಿನದರ, ಸವೆತ. ಇಲ್ಲವೇ ಕೇಬಲ್.

ಗೆಳೆಯರ ಮಾತಿನಲ್ಲಿ ನಿಜವೆಷ್ಟು

ಅಯಸ್ಕಾಂತದ ಸೆನ್ಸರ್ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ. ಅದಕ್ಕೆ ಹಾಲ್ ಸೆನ್ಸರ್ ಎಂದು ಹೆಸರು. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮದ ಮೇಲೆ ಅದು ಕೆಲಸ ಮಾಡುತ್ತದೆ. ಲಿವರಿಗೆ ಪುಟ್ಟ ಅಯಸ್ಕಾಂತ ಅಂಟಿರುತ್ತದೆ, ಎದುರಿಗೆ ಸೆನ್ಸರ್ ಕೂತಿರುತ್ತದೆ, ಒಂದಕ್ಕೊಂದು ತಾಗುವುದೇ ಇಲ್ಲ. ತಾಗದಿದ್ದರೆ ಉಜ್ಜಾಟವಿಲ್ಲ, ಪುಡಿಯಿಲ್ಲ, ಅಂಕಿ ಹಾರುವುದಿಲ್ಲ. ನಿಮ್ಮ ಕಾಯಿಲೆಗೆ ಇದು ನೇರ ಮದ್ದು. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿಎಚ್8ಎ, ಟಿಎಚ್8ಎಸ್ ಎರಡರಲ್ಲೂ ಈ ಬಗೆಯ ಸೆನ್ಸರ್ ಇದೆ. ಮೊದಲನೆಯದು ಲೋಹದ್ದು, ಎರಡನೆಯದು ಬಹುಪಾಲು ಪ್ಲಾಸ್ಟಿಕ್ಕಿನದು. ಲೋಹ ಮತ್ತು ಅಯಸ್ಕಾಂತ ಜೊತೆಯಲ್ಲೇ ಬರಬೇಕೆಂಬ ನಿಯಮವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ಜೀವಮಾನವಿಡೀ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೆನ್ಸರ್ ಬದುಕುತ್ತದೆ, ಸುತ್ತಲಿನದು ಸವೆಯುತ್ತದೆ. ಸ್ಪ್ರಿಂಗ್ ಸೋಲುತ್ತದೆ, ಲಿವರಿನ ಬುಡದ ಗೋಲದಲ್ಲಿ ಸಡಿಲಾಟ ಬರುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ. ಅಂಟು ಬಿಟ್ಟು ಅಯಸ್ಕಾಂತವೇ ಒಂದು ಕೂದಲೆಳೆ ಸರಿದ ಶಿಫ್ಟರ್ ಒಮ್ಮೆ ನನ್ನ ಬಳಿಗೆ ಬಂದಿತ್ತು. ಅದರ ಯಜಮಾನರು ಮೂರು ಸಲ ಸಾಫ್ಟ್‌ವೇರ್ ಬದಲಿಸಿ ಸೋತಿದ್ದರು. ಪಿನ್ನಿನ ತುದಿಯಿಂದ ತಳ್ಳಿ ಹಳೆಯ ಜಾಗಕ್ಕೆ ಕೂರಿಸಿ ಅಂಟಿಸಿದ ಮೇಲೆ ಸರಿಹೋಯಿತು.

ಲೋಹದ ವಿಷಯಕ್ಕೆ ಬರುತ್ತೇನೆ. ಲೋಹದ ಮೈ ಬಳುಕುವುದಿಲ್ಲ, ಗೇರ್ ಬಿದ್ದಾಗ ಕೈಗೆ ಗಟ್ಟಿಯಾದ ತಾಕು ಸಿಗುತ್ತದೆ, ಅದು ನಿಜಕ್ಕೂ ಸುಖ. ಆದರೆ ಬಿಗಿ ಹೆಚ್ಚಿದಷ್ಟೂ ನಿಜವಾದ ಕಾರಿನಂತೆ ಎಂಬುದು ತಪ್ಪು ಕಲ್ಪನೆ. ರಸ್ತೆ ಕಾರಿನ ಗೇರ್ ಲಿವರನ್ನು ಎರಡು ಬೆರಳಿನಲ್ಲಿ ಜಾರಿಸಬಹುದು. ಒಳಗಿನ ಸಿಂಕ್ರೊಮೆಶ್ ಹಲ್ಲುಗಳ ವೇಗ ಸರಿದೂಗಿಸುವ ತನಕ ಕೈ ಅಲ್ಲಿ ಕ್ಷಣಕಾಲ ಕಾಯುತ್ತದೆ, ಆಮೇಲೆ ಅದು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕಾಯುವಿಕೆಯನ್ನು ಮನೆಯ ಶಿಫ್ಟರುಗಳಲ್ಲಿ ನಾನು ಕಂಡಿದ್ದು ಕಡಿಮೆ. ಅವುಗಳಲ್ಲಿ ಇರುವುದು ಸ್ಪ್ರಿಂಗ್ ಮಾತ್ರ. ಆದ್ದರಿಂದ ಬಿಗಿಯನ್ನು ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ಒಂದೇ: ಲಿವರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಅದು ಮೂರು ನಾಲ್ಕರ ಸಾಲಿಗೆ ತಾನಾಗಿ, ಪ್ರತಿ ಸಲವೂ, ನಿಖರವಾಗಿ ಬಂದು ನಿಲ್ಲುತ್ತದೆಯೇ? ಎಡಕ್ಕೆ ಒತ್ತಿ ಬಿಡಿ, ಬಲಕ್ಕೆ ಒತ್ತಿ ಬಿಡಿ. ಎರಡೂ ಕಡೆಯಿಂದ ಬಂದು ನಿಲ್ಲುವ ಜಾಗ ಒಂದೇ ಆಗಿದ್ದರೆ ಅದು ಒಳ್ಳೆಯ ಶಿಫ್ಟರ್. ಅದು ಪ್ಲಾಸ್ಟಿಕ್ಕೋ ಉಕ್ಕೋ ಎಂಬುದು ಆಮೇಲಿನ ಮಾತು.

ಇಲ್ಲೇ ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ. ಎರಡರಿಂದ ಮೂರಕ್ಕೆ ಹೋಗುವಾಗ ಅನೇಕರು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಮೇಲೆ, ಬಲಕ್ಕೆ, ಮತ್ತೆ ಮೇಲೆ ಎಂದು ತಾವೇ ದಾರಿ ಎಳೆಯುತ್ತಾರೆ. ಬಲಕ್ಕೆ ಎಳೆದದ್ದು ಸ್ವಲ್ಪ ಜಾಸ್ತಿಯಾದರೆ ನೇರ ಐದಕ್ಕೆ ಹೋಗುತ್ತದೆ. ನಿಜವಾದ ಕಾರಿನಲ್ಲೂ ಇದೇ ತಪ್ಪಾಗುತ್ತದೆ. ಬೆರಳು ಬಿಚ್ಚಿ, ಅಂಗೈಯನ್ನು ಗುಂಡಿಯ ಹಿಂದೆ ಇಟ್ಟು ಮುಂದಕ್ಕೆ ತಳ್ಳಿ. ನಡುವಿಗೆ ಬಂದಾಗ ಸ್ಪ್ರಿಂಗೇ ಅದನ್ನು ಸರಿಯಾದ ಸಾಲಿಗೆ ತರುತ್ತದೆ. ಪರೀಕ್ಷಾ ಪುಟದಲ್ಲಿ ದೀಪ ಸರಿಯಾಗಿದ್ದು ಓಡಿಸುವಾಗ ಮಾತ್ರ ಐದು ಬೀಳುತ್ತಿದ್ದರೆ, ತಪ್ಪಿದ ಆ ಕ್ಷಣದಲ್ಲಿ ಲಿವರಿನ ಕಡೆ ಕಣ್ಣು ಹಾಯಿಸಿ. ಅದು ನಿಜಕ್ಕೂ ಐದರ ಜಾಗದಲ್ಲೇ ಕೂತಿದ್ದರೆ ಶಿಫ್ಟರ್ ನಿರಪರಾಧಿ.

ಎಚ್ ಬೇಕೋ, ಸೀಕ್ವೆನ್ಶಿಯಲ್ ಬೇಕೋ

ಇದಕ್ಕೆ ಉತ್ತರ ನೀವು ಓಡಿಸುವ ವಾಹನಗಳಲ್ಲೇ ಇದೆ. 1989ರಲ್ಲಿ ಫೆರಾರಿ 640 ಕಾರು ಸ್ಟಿಯರಿಂಗ್‌ನ ಹಿಂದಿನ ಪ್ಯಾಡಲ್‌ಗಳಿಂದ ಗೇರ್ ಬದಲಿಸುತ್ತಾ ತನ್ನ ಮೊದಲ ಸ್ಪರ್ಧೆಯಾದ ಬ್ರೆಜಿಲ್ ಗ್ರ್ಯಾನ್ ಪ್ರಿಯನ್ನೇ ಗೆದ್ದಿತು, ಚಾಲಕ ನೈಜಲ್ ಮ್ಯಾನ್ಸೆಲ್. ಈಗಿನ ಫಾರ್ಮುಲಾ ಕಾರುಗಳು, ಜಿಟಿ3 ಎಂಬ ವರ್ಗದ ರೇಸ್ ಕಾರುಗಳು ಎಲ್ಲವೂ ಪ್ಯಾಡಲ್‌ನವು. ನೀವು ಅವುಗಳನ್ನೇ ಓಡಿಸುವವರಾಗಿದ್ದರೆ ಶಿಫ್ಟರೇ ಬೇಡ ಎನ್ನುತ್ತಿದ್ದೆ. ಆದರೆ ನಿಮ್ಮ ಮನಸ್ಸು ಹಳೆಯ ರಸ್ತೆ ಕಾರುಗಳಲ್ಲಿದೆ, ಅವುಗಳಿಗೆ ಎಚ್ ಶಿಫ್ಟರ್, ಅಂದರೆ ನಿಮ್ಮದರಂತೆ ಎಚ್ ಅಕ್ಷರದ ದಾರಿಯಲ್ಲಿ ಲಿವರ್ ಓಡಾಡುವ ಶಿಫ್ಟರ್, ಇಲ್ಲದೆ ರುಚಿಯಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಹಿಮ್ಮಡಿಯಿಂದ ಆ್ಯಕ್ಸಿಲರೇಟರ್ ತಟ್ಟಿ, ಕ್ಲಚ್ ಬಿಟ್ಟು, ಕಾರು ಒಂದು ತುಣುಕೂ ತಡವರಿಸದೆ ತಿರುವಿಗೆ ಇಳಿಯುವ ಸಂತೋಷಕ್ಕೆ ಸಮನಾದದ್ದು ಪ್ಯಾಡಲಿನಲ್ಲಿ ನನಗಂತೂ ಸಿಕ್ಕಿಲ್ಲ.

ಸೀಕ್ವೆನ್ಶಿಯಲ್ ಎಂದರೆ ಮೋಟಾರ್‌ಸೈಕಲ್ಲಿನ ಗೇರಿನಂತೆ: ಒಂದು ಸಲಕ್ಕೆ ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ. ರೇಸ್ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಎಳೆದರೆ ಗೇರ್ ಏರುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ವೇಗ ಏರುವಾಗ ಮೈ ಹಿಂದಕ್ಕೆ ಒರಗುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗುತ್ತದೆ. ಕೈ ಮೈಯ ಜೊತೆಗೇ ಹೋಗಲಿ ಎಂಬ ಲೆಕ್ಕ. ರ‍್ಯಾಲಿಯಲ್ಲಿ ಕಾರಿನ ಕಾಲ ನೋಡಬೇಕು. 1980ರ ದಶಕದ ಕಾರುಗಳಿಗೆ ಎಚ್ ಸರಿ. 2022ರಿಂದ ವಿಶ್ವ ರ‍್ಯಾಲಿ ಸ್ಪರ್ಧೆಯ ಮೇಲ್ವರ್ಗಕ್ಕೆ ಬಂದ ರ‍್ಯಾಲಿ1 ಕಾರುಗಳಲ್ಲಿ ಐದು ಗೇರಿನ ಸೀಕ್ವೆನ್ಶಿಯಲ್ ಇದೆ, ಅದೂ ಲಿವರಿನಿಂದಲೇ. ಟ್ರಕ್ಕಿಗೆ ಸೀಕ್ವೆನ್ಶಿಯಲ್ ಸಾಕಾಗುತ್ತದೆ, ಆದರೆ ಎಚ್ ಶಿಫ್ಟರಿನ ಗುಂಡಿಯ ಬದಲು ರೇಂಜ್ (ಗೇರುಗಳ ಗುಂಪನ್ನೇ ಬದಲಿಸುವ) ಮತ್ತು ಸ್ಪ್ಲಿಟರ್ (ಒಂದೊಂದು ಗೇರನ್ನೂ ಎರಡಾಗಿ ಸೀಳುವ) ಸ್ವಿಚ್‌ಗಳಿರುವ ಗುಂಡಿ ಹಾಕಿಕೊಂಡರೆ ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಲಿವರಿನ ಆರೇ ಜಾಗಗಳಿಂದ ಹನ್ನೆರಡು, ಹದಿನೆಂಟು ಗೇರುಗಳನ್ನು ಆಡಿಸಬಹುದು.

ಸೀಕ್ವೆನ್ಶಿಯಲ್‌ಗೂ ತನ್ನದೇ ರೋಗವಿದೆ. ಅನೇಕವುಗಳಲ್ಲಿ ಮೈಕ್ರೋ ಸ್ವಿಚ್ ಇರುತ್ತದೆ. ಅದರ ಒಳಗಿನ ತಗಡು ಹಳತಾದಂತೆ ಒಂದೇ ಒತ್ತಿಗೆ ಎರಡು ಸಲ ಪುಟಿಯುತ್ತದೆ, ಒಮ್ಮೆ ಎಳೆದರೆ ನಾಲ್ಕರಿಂದ ಆರಕ್ಕೆ ಹೋಗುತ್ತದೆ. ಸ್ವಿಚ್ ಬದಲಿಸುವುದು ಕಷ್ಟವಲ್ಲ, ಬೆಸುಗೆ ಹಾಕಲು ಬಂದರೆ ಹತ್ತು ನಿಮಿಷದ ಕೆಲಸ. ಆದರೂ ಹೊಸದಕ್ಕೆ ಹೋದರೆ ಆಜೀವ ನಿಶ್ಚಿಂತೆ ಎಂಬ ಮಾತಿಗೆ ಇಲ್ಲೂ ಆಧಾರವಿಲ್ಲ.

ಎರಡೂ ಬೇಕೆಂದರೆ ಎರಡನ್ನೂ ಮಾಡುವ ಶಿಫ್ಟರ್‌ಗಳಿವೆ. ಫ್ಯಾನಟೆಕ್‌ನ ಕ್ಲಬ್‌ಸ್ಪೋರ್ಟ್ ಎಸ್‌ಕ್ಯೂ ಶಿಫ್ಟರಿನಲ್ಲಿ ಪಕ್ಕದ ಒಂದು ಸ್ವಿಚ್ಚಿನಿಂದ ಎಚ್‌ನಿಂದ ಸೀಕ್ವೆನ್ಶಿಯಲ್‌ಗೆ ಬರಬಹುದು. ಟಿಎಚ್8ಎಯಲ್ಲಿ ಮೇಲಿನ ತಟ್ಟೆಯನ್ನು ಸ್ಕ್ರೂ ಬಿಚ್ಚಿ ಬದಲಿಸಬೇಕು. ಪ್ರತಿ ಸಲ ಆಟ ಬದಲಿಸುವಾಗ ಸ್ಕ್ರೂ ಬಿಚ್ಚುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಒಂದು ವಾರವಾದ ಮೇಲೆ ತಟ್ಟೆ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಮೇಜು

ಮೇಜಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ.

ಲಿವರಿನ ಗುಂಡಿ ಕ್ಲಾಂಪಿಗಿಂತ 20 ಸೆಂಟಿಮೀಟರ್ ಮೇಲಿದೆ, ನೀವು 5 ಕಿಲೋ ಬಲದಿಂದ ತಳ್ಳುತ್ತೀರಿ, ಕ್ಲಾಂಪ್ ಮೇಜಿನ ಅಂಚನ್ನು 5 ಸೆಂಟಿಮೀಟರ್ ಆಳಕ್ಕೆ ಹಿಡಿದಿದೆ ಎಂದುಕೊಳ್ಳಿ. ಮೀಟುಗೋಲಿನ ಲೆಕ್ಕದಲ್ಲಿ ಆ ಅಂಚಿನ ಮೇಲೆ ಬೀಳುವ ಬಲ ನಾಲ್ಕು ಪಟ್ಟು, ಅಂದರೆ 20 ಕಿಲೋ. ಒಂದು ಸಂಜೆಯಲ್ಲಿ ನೂರಾರು ಸಲ. ಪುಡಿಮರ ಒತ್ತಿ ಮಾಡಿದ ಹಲಗೆಯಾದರೆ ಕೆಲವು ತಿಂಗಳಲ್ಲಿ ಕ್ಲಾಂಪಿನ ಕೆಳಗೆ ಅರ್ಧಚಂದ್ರದ ಆಕಾರದ ಗುಳಿ ಬೀಳುತ್ತದೆ. ನಿಮ್ಮ ಮೇಜಿನಲ್ಲಿ ಅದು ಈಗಾಗಲೇ ಇದೆಯೇ ಎಂದು ಬೆರಳಾಡಿಸಿ ನೋಡಿ. ಗುಳಿ ಬಿದ್ದ ಮೇಲೆ ಕ್ಲಾಂಪ್ ಸಡಿಲವಾಗಿ, ತಳ್ಳಿದಾಗ ಶಿಫ್ಟರಿನ ಮೈ ಪೂರ್ತಿ ಮುಂದಕ್ಕೆ ವಾಲುತ್ತದೆ, ಲಿವರ್ ಗೇರಿನ ಜಾಗದ ಕೊನೆ ಮುಟ್ಟುವ ಮೊದಲೇ ನಿಮ್ಮ ಕೈ ನಿಂತುಬಿಡುತ್ತದೆ. ಗೇರ್ ಅರ್ಧ ಬೀಳುತ್ತದೆ. ಇದನ್ನೇ ಎಲ್ಲರೂ ಶಿಫ್ಟರ್ ಹಾಳಾಗಿದೆ ಎನ್ನುವುದು. ಭಾರದ, ಬಿಗಿಯಾದ ಲೋಹದ ಶಿಫ್ಟರನ್ನು ಇಂಥ ಮೇಜಿಗೆ ಬಿಗಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಕ್ಲಾಂಪಿನ ಮೇಲೂ ಕೆಳಗೂ ಗಟ್ಟಿ ಪ್ಲೈವುಡ್ಡಿನ ಅಂಗೈಯಗಲದ ತುಂಡುಗಳನ್ನು ಇಟ್ಟು ಬಿಗಿಯಿರಿ, ಭಾರ ಹರಡುತ್ತದೆ. ಇನ್ನೂ ಒಳ್ಳೆಯದೆಂದರೆ ಶಿಫ್ಟರನ್ನು ಮೇಜಿನಿಂದಲೇ ಬಿಡಿಸಿ, ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಊರಿದ ಪ್ರತ್ಯೇಕ ಸ್ಟ್ಯಾಂಡಿಗೆ ಬೋಲ್ಟ್ ಹಾಕುವುದು. ರಾತ್ರಿಯ ಸದ್ದಿಗೂ ಇದೇ ಪರಿಹಾರ. ಶಿಫ್ಟರಿನ ಟಕ್ ಎಂಬ ಶಬ್ದ ಅಷ್ಟು ದೊಡ್ಡದಲ್ಲ. ಮೇಜಿನ ಹಲಗೆ ಅದನ್ನು ಹಿಡಿದು ವಾದ್ಯದಂತೆ ಮೊಳಗಿಸುತ್ತದೆ, ಕಾಲುಗಳ ಮೂಲಕ ನೆಲಕ್ಕೆ, ನೆಲದಿಂದ ಪಕ್ಕದ ಕೋಣೆಗೆ. ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಸಿದರೆ ಆ ದಾರಿ ಕಡಿಯುತ್ತದೆ. ಸೀಕ್ವೆನ್ಶಿಯಲ್‌ಗಳ ಸದ್ದು ಎಚ್‌ಗಿಂತ ಸಾಮಾನ್ಯವಾಗಿ ಜೋರು. ನಿಮ್ಮ ಮನೆಯವರ ನಿದ್ದೆಯನ್ನು ನೆನೆದರೆ ಅದೂ ಎಚ್ ಪರವಾದ ಒಂದು ಅಂಶ.

ನಿಮ್ಮ ಮುಂದಿರುವ ದಾರಿಗಳು

ಮೊದಲ ದಾರಿ, ಇರುವುದನ್ನೇ ಸರಿಮಾಡುವುದು. ವಾರಂಟಿ ಉಳಿದಿದ್ದರೆ ಬಿಚ್ಚಬೇಡಿ, ಬಿಚ್ಚಿದರೆ ಅದು ಹೋಗುತ್ತದೆ. ಉಳಿದಿಲ್ಲದಿದ್ದರೆ ಕೇಬಲ್ ಕಳಚಿ, ತಳದ ಸ್ಕ್ರೂ ಬಿಚ್ಚಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪೊಟೆನ್ಶಿಯೋಮೀಟರಿನ ಪಕ್ಕದ ಸಂದಿನಲ್ಲಿ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಹಾಕಿ, ಲಿವರನ್ನು ನಲವತ್ತು ಐವತ್ತು ಸಲ ಆ ಕಡೆ ಈ ಕಡೆ ಆಡಿಸಿ, ಪೂರ್ತಿ ಒಣಗಲು ಬಿಡಿ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಹಾಕಬೇಡಿ. ಅದರ ಜಿಡ್ಡು ಉಳಿದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಸ್ವಚ್ಛ ಮಾಡಿದ್ದು ಕೆಲವು ತಿಂಗಳು ಬರಬಹುದು. ಪಟ್ಟಿಯೇ ಸವೆದಿದ್ದರೆ ಪೊಟೆನ್ಶಿಯೋಮೀಟರ್ ಬದಲಿಸಬೇಕು: ಅದರ ಮೈಮೇಲೆ ಬರೆದ ಮೌಲ್ಯವೇ ಇರಬೇಕು, ದಂಡದ ಉದ್ದ ಮತ್ತು ಕೊರೆತವೂ ಒಂದೇ ಇರಬೇಕು.

ಕೈಕೆಲಸದ ಹುಮ್ಮಸ್ಸಿದ್ದರೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು. ಆರ್ಡುಯಿನೋ ಲಿಯೊನಾರ್ಡೊದಂಥ ಪುಟ್ಟ ಬೋರ್ಡು ಯುಎಸ್‌ಬಿ ಜಾಯ್‌ಸ್ಟಿಕ್ಕಿನಂತೆ ನಡೆದುಕೊಳ್ಳಬಲ್ಲದು. ಶಿಫ್ಟರಿನ ತಂತಿಗಳನ್ನು ಅದಕ್ಕೆ ಕೊಟ್ಟರೆ ಸಾಲುಗಳ ಗೆರೆಯನ್ನು ನೀವೇ ಎಳೆಯಬಹುದು: 625ರ ಬದಲು 680. ಅದಕ್ಕಿಂತ ಮುಖ್ಯವಾಗಿ, ಲಿವರ್ ಒಂದು ಗೇರಿಗೆ ಬಿದ್ದ ಮೇಲೆ ನ್ಯೂಟ್ರಲ್‌ಗೆ ಮರಳುವವರೆಗೆ ಎಡಬಲದ ಅಂಕಿಯನ್ನು ನೋಡಲೇಬೇಡ ಎಂದು ನಾಲ್ಕು ಸಾಲಿನ ಪ್ರೋಗ್ರಾಮಿನಲ್ಲಿ ಹೇಳಬಹುದು. ಲಿವರ್ ಮೂರರ ಜಾಗದೊಳಗೆ ಇರುವಾಗ ಪಕ್ಕಕ್ಕೆ ಹಾರಲು ಸಾಧ್ಯವೇ ಇಲ್ಲವಲ್ಲ. ಇಷ್ಟರಿಂದಲೇ ಪೊಟೆನ್ಶಿಯೋಮೀಟರ್ ಬದಲಿಸದೆ ಮತ್ತೊಂದು ವರ್ಷ ಓಡಿದ ಶಿಫ್ಟರ್‌ಗಳು ನನ್ನ ಲೆಕ್ಕದಲ್ಲಿವೆ. ಒಂದೇ ಕೊರತೆ, ಹೀಗೆ ಮಾಡಿದ್ದು ಕಂಪ್ಯೂಟರಿಗೆ ಮಾತ್ರ ಸಲ್ಲುತ್ತದೆ.

ಎರಡನೆಯ ದಾರಿ, ಅದೇ ಬಗೆಯದನ್ನು ಹೊಸದಾಗಿ ಕೊಂಡು ಸ್ಟಿಯರಿಂಗ್‌ಗೆ ಸಿಕ್ಕಿಸುವುದು. ತಲೆನೋವಿಲ್ಲ, ಕನ್ಸೋಲಿಗೂ ಸ್ಟಿಯರಿಂಗ್ ಮೂಲಕವೇ ಸೇರುತ್ತದೆ. ಆದರೆ ಮತ್ತದೇ ಇಂಗಾಲದ ಪಟ್ಟಿ, ಮತ್ತದೇ ಪುಡಿ. ನಾಲ್ಕು ವರ್ಷ ನಡೆದದ್ದು ಮತ್ತೆ ನಾಲ್ಕು ವರ್ಷ ನಡೆಯಬಹುದು, ಅಷ್ಟೇ ನಿರೀಕ್ಷೆ ಇಟ್ಟುಕೊಳ್ಳಿ.

ಮೂರನೆಯದು, ಯುಎಸ್‌ಬಿಗೆ ನೇರವಾಗಿ ಸೇರುವ ಹಾಲ್ ಸೆನ್ಸರಿನ ಎಚ್ ಶಿಫ್ಟರ್. ಕಂಪ್ಯೂಟರಿನಲ್ಲಿ ಸ್ಟಿಯರಿಂಗ್ ಒಂದು ಕಂಪನಿಯದು, ಶಿಫ್ಟರ್ ಇನ್ನೊಂದು ಕಂಪನಿಯದು ಆದರೂ ಇಂದಿನ ಬಹುತೇಕ ಸಿಮ್ಯುಲೇಟರ್‌ಗಳು ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತವೆ. ಗೇರುಗಳನ್ನು ಒಂದೊಂದಾಗಿ ಆಟಕ್ಕೆ ಪರಿಚಯಿಸಬೇಕು. ಪ್ಲೇಸ್ಟೇಷನ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ. ಪರವಾನಗಿ ಪಡೆದ ಸಾಧನವನ್ನಷ್ಟೇ ಅದು ಗುರುತಿಸುತ್ತದೆ, ಅದೂ ಆಟ ಬೆಂಬಲ ಕೊಟ್ಟಿದ್ದರೆ. ಹಾಗಾಗಿ ಮೂರು ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ತಯಾರಕರ ಪಟ್ಟಿಯಲ್ಲಿ ತಾಳೆ ನೋಡಿ: ನಿಮ್ಮ ಸ್ಟಿಯರಿಂಗ್, ಕೊಳ್ಳಬೇಕೆಂದಿರುವ ಶಿಫ್ಟರ್, ಆಡಬೇಕೆಂದಿರುವ ಆಟ. ಸ್ಟಿಯರಿಂಗನ್ನೂ ಸೇರಿಸಿ ಹೇಳುತ್ತಿದ್ದೇನೆ, ಏಕೆಂದರೆ ಎಕ್ಸ್‌ಬಾಕ್ಸ್‌ಗೆಂದು ಬಂದ ಸ್ಟಿಯರಿಂಗ್ ಪ್ಲೇಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಲಾಜಿಟೆಕ್‌ನ ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ; ಜಿ923ರಲ್ಲಿ ಎರಡಕ್ಕೂ ಬೇರೆ ಬೇರೆ ಆವೃತ್ತಿಗಳಿವೆ. ಸ್ಟಿಯರಿಂಗೇ ಬದಲಾಗಬೇಕೆಂದಾದರೆ ಶಿಫ್ಟರಿನ ಲೆಕ್ಕವೂ ಬದಲಾಗುತ್ತದೆ.

ಬಳಸಿದ್ದನ್ನು ಕೊಳ್ಳುವುದಾದರೆ ಮಾರುವವರ ಎದುರಿನಲ್ಲೇ ಪರೀಕ್ಷಾ ಪುಟ ತೆರೆದು, ಮೇಲೆ ಹೇಳಿದ ಒಂದು ಬೆರಳಿನ ಪರೀಕ್ಷೆ ಮಾಡಿ. ಫೋಟೋ ನೋಡಿ ಹಣ ಕೊಡಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಈ ವಾರ ಕ್ಲಚ್ಚಿನ ಪರೀಕ್ಷೆ ಮತ್ತು ಶಿಫ್ಟರಿನ ಸ್ವಚ್ಛತೆ. ಮುಂದಿನ ವಾರ ಮೇಜಿನಿಂದ ಬಿಡಿಸಿ ಸ್ಟ್ಯಾಂಡಿಗೆ ಹಾಕುವುದು. ಆ ಖರ್ಚು ವ್ಯರ್ಥವಾಗುವುದಿಲ್ಲ, ನಾಳೆ ಯಾವ ಶಿಫ್ಟರ್ ಬಂದರೂ ಅದೇ ಸ್ಟ್ಯಾಂಡ್ ಬೇಕು. ಕನ್ಸೋಲ್ ಕೊಳ್ಳುವುದು ಖಚಿತವಾಗುವವರೆಗೆ ಹೊಸ ಶಿಫ್ಟರಿಗೆ ಕೈ ಹಾಕುತ್ತಿರಲಿಲ್ಲ. ಖಚಿತವಾದ ದಿನ, ಆ ಪಟ್ಟಿಯಲ್ಲಿರುವ ಹಾಲ್ ಸೆನ್ಸರಿನ ಎಚ್ ಶಿಫ್ಟರ್ ಒಂದನ್ನು, ನಡುವಿನ ಸ್ಪ್ರಿಂಗ್ ಚೆನ್ನಾಗಿರುವುದನ್ನು, ಕೈಯಲ್ಲಿ ಆಡಿಸಿ ನೋಡಿ ತೆಗೆದುಕೊಳ್ಳುತ್ತಿದ್ದೆ. ಹೊಸ ರ‍್ಯಾಲಿ ಕಾರುಗಳಿಗೆ ಸ್ಟಿಯರಿಂಗಿನ ಪ್ಯಾಡಲ್‌ಗಳಿಂದ ಸದ್ಯಕ್ಕೆ ಕೆಲಸ ನಡೆಯುತ್ತದೆ.

ಸ್ಟ್ಯಾಂಡ್ ಇಡುವಾಗ ಒಂದು ಮಾತು. ನೀವು ರಸ್ತೆಯಲ್ಲಿ ಓಡಿಸುವ ಕಾರಿನ ಸ್ಟಿಯರಿಂಗ್ ಬಲಗಡೆಯಿದ್ದರೆ ಸಿಮ್ಯುಲೇಟರಿನ ಶಿಫ್ಟರನ್ನೂ ಎಡಕ್ಕೇ ಇಡಿ, ಕೈಗೆ ಆಗಲೇ ಅಭ್ಯಾಸವಿದೆ. ಗೇರುಗಳ ನಕ್ಷೆ ಯಾವ ಕಡೆ ಇಟ್ಟರೂ ಒಂದೇ, ಒಂದನೆಯದು ಎಡಗಡೆ ಮುಂದೆಯೇ ಇರುತ್ತದೆ. ಗುಂಡಿ ಎಷ್ಟು ದೂರದಲ್ಲಿರಬೇಕೆಂದರೆ, ಬೆನ್ನು ಕುರ್ಚಿಗೆ ಒರಗಿರುವಾಗಲೇ ಮೂರನೇ ಗೇರ್ ಪೂರ್ತಿ ಬೀಳಬೇಕು, ಭುಜ ಮುಂದಕ್ಕೆ ಬರಬಾರದು.

ಹೊಸದು ಬಂದ ಮೇಲೆ ಹಳೆಯದನ್ನು ಎಸೆಯಬೇಡಿ. ಅದರ ಎಡಬಲದ ಪೊಟೆನ್ಶಿಯೋಮೀಟರ್ ಸತ್ತಿರಬಹುದು, ಹಿಂದುಮುಂದಿನದು ಸ್ವಚ್ಛ ಮಾಡಿದ ಮೇಲೆ ಜೀವಂತವಾಗಿದ್ದರೆ ಅದೊಂದನ್ನೇ ಆ ಪುಟ್ಟ ಬೋರ್ಡಿಗೆ ಜೋಡಿಸಿ, ಲಿವರ್ ಪಕ್ಕಕ್ಕೆ ಹೋಗದಂತೆ ಎರಡು ತುಂಡು ಮರ ಸಿಕ್ಕಿಸಿ. ಎಳೆದಷ್ಟು ಹಿಡಿಯುವ ಹ್ಯಾಂಡ್‌ಬ್ರೇಕ್ ಸಿದ್ಧವಾಗುತ್ತದೆ. ರ‍್ಯಾಲಿಯ ಬಿಗಿ ತಿರುವುಗಳಲ್ಲಿ ಗುಂಡಿ ಒತ್ತಿ ಹಿಂದಿನ ಚಕ್ರ ಕಟ್ಟುವುದಕ್ಕೂ, ಲಿವರ್ ಎಳೆದು ಬೇಕಾದಷ್ಟೇ ಕಟ್ಟಿ ಬಿಡುವುದಕ್ಕೂ ಇರುವ ಅಂತರ ಮೊದಲ ತಿರುವಿನಲ್ಲೇ ನಿಮ್ಮ ಕೈಗೆ ತಿಳಿಯುತ್ತದೆ.